ಹ್ಯಾಮ್‌ಗಳ ಅಂಗಡಿಗಳಿಗೆ ಏನಾಯ್ತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಹ್ಯಾಮ್ ರೇಡಿಯೋ (ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದು, ಹಾಗೆ ಮಾಡೋರೇ ಹ್ಯಾಮ್‌ಗಳು) ಅಂದ್ರೆ ಏನು, ಪರೀಕ್ಷೆ ಹೇಗಿರತ್ತೆ ಅಂತ ಈ ಪುಟದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಪರೀಕ್ಷೆ ಬಗ್ಗೆ ಕೇಳಿದವರಿಗಿಂತ ಸಾಮಾನು ಎಲ್ಲಿ ಸಿಗತ್ತೆ, ಮೊದಲಿದ್ದ ಅಂಗಡಿಗಳೆಲ್ಲ ಎಲ್ಲಿ ಹೋದ್ವು ಅಂತ ಕೇಳಿದವರೇ ಜಾಸ್ತಿ. ಅದಕ್ಕೇ ಈ ಸಲ ಪೂರ್ತಿ ಅಂಗಡಿಗಳ ವಿಚಾರ.

ಪ್ರಶ್ನೆ: ಸರ್, ನಮ್ಮ ಮಾವ ಮೈಸೂರಲ್ಲಿ ಹಳೇ ಕಾಲದ ಹ್ಯಾಮ್. ಈ ಸಲ ಇಲ್ಲಿಗೆ ಬಂದಾಗ ಮೊದಲು ಕೇಳಿದ್ದೇ "ರೇಡಿಯೋಶ್ಯಾಕ್‌ಗೆ ಕರ್ಕೊಂಡು ಹೋಗಮ್ಮ" ಅಂತ. ಈಗ ಆ ಎಲೆಕ್ಟ್ರಾನಿಕ್ ಪಾರ್ಟ್ಸ್ ಅಂಗಡಿನೇ ಇಲ್ವಲ್ಲ! ಅದರ ಹೆಡ್ ಆಫೀಸ್ ಇದ್ದಿದ್ದು ನಮ್ಮ ಪಕ್ಕದ ಫೋರ್ಟ್ ವರ್ತ್‌ನಲ್ಲಂತೆ. ಅಷ್ಟು ದೊಡ್ಡ ಕಂಪನಿ ಹೇಗೆ ಮುಳುಗ್ತು? ಹ್ಯಾಮ್‌ಗಳು ಕಮ್ಮಿ ಆಗಿದ್ದಕ್ಕಾ? (ಓದುಗರೊಬ್ಬರು, ಡಲ್ಲಾಸ್)

ಉತ್ತರ: ಇಲ್ಲ ಮೇಡಂ, ಹ್ಯಾಮ್‌ಗಳು ಕಮ್ಮಿ ಆಗಿದ್ದಕ್ಕಲ್ಲ, ಎಲ್ಲರೂ ಹಾಗೇ ಅಂದ್ಕೊಂಡಿದಾರೆ ಅಂತ ಇದನ್ನ ಮೊದಲೇ ಹೇಳ್ತಿದೀನಿ. ಅಮೆರಿಕದಲ್ಲಿ 2007ರ ಫೆಬ್ರವರಿಯಲ್ಲಿ ಲೈಸೆನ್ಸ್‌ಗೆ ಬೇಕಿದ್ದ ಮೋರ್ಸ್ (ಚುಕ್ಕಿ-ಗೆರೆ ಸಂಕೇತದ) ಪರೀಕ್ಷೆ ತೆಗೆದ ಮೇಲೆ ಲೈಸೆನ್ಸ್ ಇರೋರ ಸಂಖ್ಯೆ ಏರ್ತಾನೇ ಬಂತು. ರೇಡಿಯೋಶ್ಯಾಕ್ ದಿವಾಳಿ ಅರ್ಜಿ ಹಾಕಿದ್ದು 2015ರ ಫೆಬ್ರವರಿ 5ಕ್ಕೆ, ಆವಾಗ ಆ ದೇಶದಲ್ಲಿ 7 ಲಕ್ಷಕ್ಕೂ ಮೇಲೆ ಹ್ಯಾಮ್‌ಗಳಿದ್ರು. ಗಿರಾಕಿಗಳು ಇದ್ರು, ಅವರಿಗೆ ಬೇಕಾದ್ದು ಆ ಅಂಗಡಿಯಲ್ಲಿ ಇರಲಿಲ್ಲ ಅಷ್ಟೇ.

ಶುರುವಿಂದ ಹೇಳ್ತೀನಿ. 1921ರಲ್ಲಿ ಬಾಸ್ಟನ್‌ನಲ್ಲಿ ಥಿಯೋಡೋರ್ ಮತ್ತು ಮಿಲ್ಟನ್ ಡಾಯ್ಚ್‌ಮನ್ ಅನ್ನೋ ಅಣ್ಣತಮ್ಮಂದಿರು ಹಡಗಿನ ರೇಡಿಯೋ ಆಫೀಸರ್‌ಗಳಿಗೆ, ಹ್ಯಾಮ್‌ಗಳಿಗೆ ಅಂತಾನೇ ತೆಗೆದ ಅಂಗಡಿ ಅದು. 1963ರ ಹೊತ್ತಿಗೆ ಸಾಲದಲ್ಲಿ ಮುಳುಗಿ ಒಂಬತ್ತು ಅಂಗಡಿ ಮಾತ್ರ ಉಳಿದಿದ್ದಾಗ ಫೋರ್ಟ್ ವರ್ತ್‌ನಲ್ಲಿ ಚರ್ಮದ ಸಾಮಾನಿನ ವ್ಯಾಪಾರ ಮಾಡ್ತಿದ್ದ ಚಾರ್ಲ್ಸ್ ಟ್ಯಾಂಡಿ ಕೊಂಡ್ಕೊಂಡ. ಸಣ್ಣ ಸಣ್ಣ ಅಂಗಡಿ, ಊರೂರಿಗೂ ಒಂದು, ಅದರಲ್ಲಿ ಬೇರೆಲ್ಲೂ ಸಿಗದ ಸಾಮಾನು, ಇದು ಅವನ ಲೆಕ್ಕ. ರಿಪೇರಿಗೆ ಬೇಕಾದ ಒಂದು ಟ್ರಾನ್ಸಿಸ್ಟರ್‌ಗೆ ವಾರಗಟ್ಟಲೆ ಪೋಸ್ಟಿಗೆ ಕಾಯೋದು ತಪ್ತು, ಶನಿವಾರ ಮಧ್ಯಾಹ್ನ ಹೋಗಿ ತಂದು ಸಂಜೆ ಸೋಲ್ಡರ್ ಮಾಡಬಹುದಿತ್ತು. ತಿಂಗಳಿಗೊಂದು ಬ್ಯಾಟರಿ ಫ್ರೀ ಕೊಡೋ ಕಾರ್ಡ್ ಬೇರೆ ಇತ್ತು, ಮಕ್ಕಳು ಆ ಬ್ಯಾಟರಿ ನೆಪದಲ್ಲಿ ಒಳಗೆ ಬಂದು ಗೋಡೆ ತುಂಬ ನೇತುಹಾಕಿದ್ದ ಪಾರ್ಟ್ಸ್ ನೋಡ್ಕೊಂಡು ನಿಲ್ಲೋರು.

ಆಮೇಲೆ ಕಂಪನಿಗೆ ಒಂದರ ಹಿಂದೆ ಒಂದು ಅಲೆ ಸಿಕ್ತು. 1970ರ ದಶಕದಲ್ಲಿ ಲಾರಿ ಡ್ರೈವರ್‌ಗಳು, ಅವರನ್ನ ನೋಡಿ ಕಾರಿನವರು, ಎಲ್ಲ ದಾರೀಲಿ ಒಬ್ಬರಿಗೊಬ್ಬರು ಮಾತಾಡೋ ಸಿಬಿ ರೇಡಿಯೋ ಹಾಕಿಸ್ಕೊಳ್ಳೋಕೆ ಮುಗಿಬಿದ್ರು. ಆ ಹುಚ್ಚು ಇಳಿಯೋ ಹೊತ್ತಿಗೆ ಸರಿಯಾಗಿ 1977ರಲ್ಲಿ ಟಿಆರ್‌ಎಸ್-80 ಕಂಪ್ಯೂಟರ್ ಬಿಟ್ರು, ಮಾನಿಟರ್ ಎಲ್ಲ ಸೇರಿ 600 ಡಾಲರ್ ಹತ್ರ, ಅದೂ ಚೆನ್ನಾಗಿ ಹೋಯ್ತು. ಹ್ಯಾಮ್‌ಗಳಿಗೆ ಅಂತಾನೇ ಎಚ್‌ಟಿಎಕ್ಸ್-202 ಅನ್ನೋ ಎರಡು ಮೀಟರ್ ಅನ್ನೋ ಹ್ಯಾಮ್ ಬ್ಯಾಂಡಿನ ಹ್ಯಾಂಡ್‌ಸೆಟ್ (ವಾಕಿಟಾಕಿ) ಮಾಡಿದ್ರು, ಗಟ್ಟಿ ಸೆಟ್ ಅದು, ಈಗಲೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕೋರಿದಾರೆ.

ಕೊನೇ ಅಲೆ ಮೊಬೈಲು. ಒಂದು ಫೋನ್ ಕನೆಕ್ಷನ್ ಮಾರಿದ್ರೆ ಫೋನ್ ಕಂಪನಿಯಿಂದ ಬರೋ ಕಮಿಷನ್ ಮುಂದೆ ಐದು ರೆಸಿಸ್ಟರಿನ ಪುಟ್ಟ ಪ್ಯಾಕೆಟ್ ಯಾವ ಲೆಕ್ಕ ಹೇಳಿ. ಗೋಡೆ ತುಂಬ ನೇತಾಡ್ತಿದ್ದ ಪಾರ್ಟ್ಸ್ ಎಲ್ಲ ಅಂಗಡಿ ಹಿಂಭಾಗದ ಸ್ಟೀಲ್ ಡ್ರಾಯರ್‌ಗಳಿಗೆ ಹೋದ್ವು, ಮುಂದೆ ಪೂರ್ತಿ ಫೋನು. ಕೌಂಟರಲ್ಲಿ ನಿಂತ ಹುಡುಗರಿಗೂ ಫೋನ್ ಮಾರೋದೇ ಕೆಲಸ, ಇಂಥ ಕೆಪಾಸಿಟರ್ ಇದೆಯಾ ಅಂದ್ರೆ ಡ್ರಾಯರ್ ಕಡೆ ಕೈ ತೋರಿಸೋರು. ಹುಡುಗರ ತಪ್ಪಲ್ಲ ಅದು, ಕಂಪನಿ ಕಲಿಸಲಿಲ್ಲ. ಆಮೇಲೆ ಫೋನ್ ಕಂಪನಿಗಳೇ ಮೂಲೆಮೂಲೆಗೂ ಸ್ವಂತ ಅಂಗಡಿ ತೆಗೆದಾಗ ಆ ಲಾಭಾನೂ ಕರಗ್ತು. ಹವ್ಯಾಸಿಗಳನ್ನ ಬಿಟ್ಟು ಫೋನ್ ಹಿಂದೆ ಹೋದವರಿಗೆ ಫೋನೂ ಕೈಕೊಡ್ತು. 2011ರ ಸುಮಾರಿಗೆ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಎಲ್ಲ ತಂದಿಟ್ಟು ಹವ್ಯಾಸಿಗಳನ್ನ ಮತ್ತೆ ಕರೆಯೋ ಪ್ರಯತ್ನ ನಡೀತು, ನನ್ನ ಪ್ರಕಾರ ಅದನ್ನ ಹತ್ತು ವರ್ಷ ಮೊದಲೇ ಮಾಡಬೇಕಿತ್ತು.

ಇನ್ನೊಂದು ಕಾರಣ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2014ರಲ್ಲಿ ನಷ್ಟದ 1,100 ಅಂಗಡಿ ಮುಚ್ತೀವಿ ಅಂತ ಕಂಪನಿನೇ ಹೇಳಿತ್ತು, ಆದ್ರೆ ಸಾಲ ಕೊಟ್ಟವರ ಕರಾರಿನಲ್ಲಿ ಅವರ ಒಪ್ಪಿಗೆ ಇಲ್ಲದೆ ವರ್ಷಕ್ಕೆ 200ಕ್ಕಿಂತ ಜಾಸ್ತಿ ಮುಚ್ಚೋ ಹಾಗಿರಲಿಲ್ಲ, ಅವರು ಒಪ್ಪಲಿಲ್ಲ. ಅಂದ್ರೆ ಗಿರಾಕಿ ಇಲ್ಲದ ಮಾಲ್ ಅಂಗಡಿಗೂ ಬಾಡಿಗೆ ಕಟ್ಟು, ಸಂಬಳ ಕೊಡು, ಲೈಟ್ ಹಾಕಿಡು. ಮುಂದಿನ ವರ್ಷನೇ ದಿವಾಳಿ. ಅರ್ಧಕ್ಕಿಂತ ಕಮ್ಮಿ ಅಂಗಡಿ ಉಳಿಸ್ಕೊಂಡು ಹೊಸಬರು ನಡೆಸಿದ್ರು, 2017ರಲ್ಲಿ ಅದೂ ದಿವಾಳಿ. ಈಗ ಹೆಸರು ಕೈಯಿಂದ ಕೈಗೆ ಹೋಗಿ 2023ರಲ್ಲಿ ಯೂನಿಕೋಮರ್ ಅನ್ನೋ ಮಧ್ಯ ಅಮೆರಿಕದ ಕಂಪನಿ ಪಾಲಾಗಿದೆ, ಅಲ್ಲೊಂದು ಇಲ್ಲೊಂದು ಊರಲ್ಲಿ ಸ್ವತಂತ್ರ ಡೀಲರ್‌ಗಳು ಹಳೇ ಬೋರ್ಡ್ ಹಾಕ್ಕೊಂಡೇ ನಡೆಸ್ತಿದಾರೆ.

ನಿಮ್ಮ ಮಾವನ್ನ ನಿರಾಸೆ ಮಾಡಬೇಡಿ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಹ್ಯಾಮ್ ರೇಡಿಯೋ ಔಟ್‌ಲೆಟ್‌ನವರ ಅಂಗಡಿ ಇದೆ, ಒಂದು ಫೋನ್ ಮಾಡಿ ಟೈಮ್ ಕೇಳ್ಕೊಂಡು ಕರ್ಕೊಂಡು ಹೋಗಿ. 1971ರಲ್ಲಿ ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್‌ನಲ್ಲಿ ಶುರುವಾದ ಅಂಗಡಿ, ಹ್ಯಾಮ್ ಸಾಮಾನು ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಅವರ ದೊಡ್ಡ ಪ್ರತಿಸ್ಪರ್ಧಿ, 1957ರಿಂದ ಮಿಲ್ವಾಕಿಯಲ್ಲಿದ್ದ ಅಮೆಚೂರ್ ಎಲೆಕ್ಟ್ರಾನಿಕ್ ಸಪ್ಲೈ, 2016ರಲ್ಲಿ ಬಾಗಿಲು ಹಾಕಿದಾಗ ಆ ಜಾಗದಲ್ಲೂ ಇವರೇ ಅಂಗಡಿ ತೆಗೆದ್ರು. ಐಕಾಮ್, ಯಾಯೆಸು, ಕೆನ್‌ವುಡ್ ಕಂಪನಿಗಳ ಹ್ಯಾಮ್ ಸೆಟ್‌ಗಳನ್ನ ಕೈಯಲ್ಲಿ ಹಿಡಿದು ಟ್ಯೂನಿಂಗ್ ನಾಬ್ ತಿರುಗಿಸಿ ನೋಡೋಕೆ ಬಿಡ್ತಾರೆ. ಲಕ್ಷಗಟ್ಟಲೆ ರೂಪಾಯಿ ಬೆಲೆಯ ಸೆಟ್‌ನ ಬರೀ ಫೋಟೋ ನೋಡಿ ಯಾರು ತಗೋತಾರೆ?

ಪ್ರಶ್ನೆ: ಸರ್, ನನಗೆ ಈ ಅಂಗಡಿ ಮೋಹ ಅರ್ಥ ಆಗಲ್ಲ. ಬೇಕಾದ್ದೆಲ್ಲ ಮೊಬೈಲಲ್ಲೇ ಆರ್ಡರ್ ಮಾಡ್ತೀನಿ, ಎರಡು ದಿನಕ್ಕೆ ಬರತ್ತೆ, ಡೇಟಾಶೀಟೂ ಸಿಗತ್ತೆ. ಇದೆಲ್ಲ ಹಿರಿಯರ ಹಳೇ ನೆನಪಷ್ಟೇ ಅಲ್ವಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು)

ಉತ್ತರ: ಅರ್ಧ ಒಪ್ತೀನಿ. ಪಾರ್ಟ್ಸ್ ಆಯ್ಕೆ ವಿಷಯದಲ್ಲಿ ಇವತ್ತಿನಷ್ಟು ಸುಖ ಯಾವ ಕಾಲದಲ್ಲೂ ಇರಲಿಲ್ಲ, ಯಾವ ಗಲ್ಲಿ ಅಂಗಡಿಯೂ ಲಕ್ಷಾಂತರ ಐಟಂ ಇಡೋಕಾಗಲ್ಲ.

ಆದ್ರೆ ಒಂದು ವಿಷಯ ಗೊತ್ತಿರಲಿ, ನೀವು ಹೇಳೋ ಆನ್‌ಲೈನ್ ವ್ಯಾಪಾರದ ದೊಡ್ಡ ಹೆಸರೊಂದು ಹುಟ್ಟಿದ್ದೇ ಹ್ಯಾಮ್‌ಗಳ ಮಧ್ಯೆ. ಡಿಜಿ-ಕೀ ಕೇಳಿರ್ತೀರಿ. ರೊನಾಲ್ಡ್ ಸ್ಟೋರ್ಡಾಲ್ ಅನ್ನೋ ಹ್ಯಾಮ್ ಮೋರ್ಸ್ ಕಳಿಸೋಕೆ ಡಿಜಿಟಲ್ ಕೀಯರ್ ಒಂದನ್ನ ಡಿಸೈನ್ ಮಾಡಿ ಡಿಜಿ-ಕೀಯರ್ ಅಂತ ನಾವೇ ಜೋಡಿಸ್ಕೊಳ್ಳೋ ಕಿಟ್ ಮಾರ್ತಿದ್ದ. ಕಿಟ್ ವ್ಯಾಪಾರ ಹೆಚ್ಚು ದಿನ ನಡೀಲಿಲ್ಲ, ಅದಕ್ಕೆ ಅಂತ ತಂದಿಟ್ಟಿದ್ದ ಪಾರ್ಟ್ಸ್‌ಗಳನ್ನ ಒಂದೆರಡು ಬೇಕು ಅನ್ನೋ ಹವ್ಯಾಸಿಗಳಿಗೆ ಚಿಲ್ಲರೆಯಾಗಿ ಮಾರೋಕೆ ಶುರು ಮಾಡಿದ. 1972ರಲ್ಲಿ ಮಿನೆಸೋಟದ ಥೀಫ್ ರಿವರ್ ಫಾಲ್ಸ್ ಅನ್ನೋ ಸಣ್ಣ ಊರಲ್ಲಿ ಶುರುವಾಗಿದ್ದು, ಈಗಲೂ ಕೇಂದ್ರ ಅದೇ ಊರು, ಇವತ್ತು ಪ್ರಪಂಚದ ಮೂಲೆಮೂಲೆಗೂ ಕಳಿಸ್ತಾರೆ. ಒಂದೇ ಒಂದು ಪೀಸ್ ಕೇಳೋ ಗಿರಾಕಿಯನ್ನ ತಾತ್ಸಾರ ಮಾಡದೆ ಇದ್ದಿದ್ದೇ ಅವರನ್ನ ಬೆಳೆಸಿದ್ದು ಅಂತ ನಾನು ನಂಬಿದೀನಿ.

ಅಂಗಡಿ ಯಾಕೆ ಬೇಕು ಅಂದ್ರೆ, ಏನು ಬೇಕು ಅಂತ ಗೊತ್ತಿರೋರಿಗೆ ಆನ್‌ಲೈನ್ ಸಾಕು. ಗೊತ್ತಿಲ್ಲದೆ ಇರೋ ಹದಿಮೂರರ ಹುಡುಗನಿಗೆ ಸರ್ಚ್ ಬಾಕ್ಸಲ್ಲಿ ಏನು ಟೈಪ್ ಮಾಡಬೇಕು ಅನ್ನೋದೇ ತಿಳಿಯಲ್ಲ. ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ ಪಾರ್ಟ್ಸ್ ಮಾರೋ ಎಸ್‌ಪಿ ರೋಡಲ್ಲಿ ಸುಟ್ಟುಹೋದ ಪೀಸ್ ಒಂದನ್ನ ಕೌಂಟರ್ ಮೇಲಿಟ್ಟು ಇದರ ತರದ್ದು ಕೊಡಿ ಅಂದ್ರೆ ಸಾಕು, ಅಂಗಡಿಯವರು ತಿರುಗಿಸಿ ನೋಡಿ ಇದು ಬರಲ್ಲ ಈಗ, ಇದು ಹಾಕಿ ನಡಿಯತ್ತೆ, ಆದ್ರೆ ಕಾಲು (ಪಿನ್) ಉಲ್ಟಾ ಇದೆ ನೋಡ್ಕೊಳಿ ಅಂತ ಹೇಳಿ, ಪೇಪರ್ ಪಟ್ಟಿಯಲ್ಲಿ ಅಂಟಿರೋ ರೆಸಿಸ್ಟರ್‌ಗಳನ್ನ ಕತ್ತರಿಯಲ್ಲಿ ಹತ್ತು ಕತ್ತರಿಸಿ ಕೊಡ್ತಾರೆ. ಆ ಕಾಲು ಉಲ್ಟಾ ಇರೋ ಮಾತಿಗೆ ಬಿಲ್ ಹಾಕಲ್ಲ, ಅದು ನಿಮ್ಮ ಸಂಜೆ ಪೂರ್ತಿ ಉಳಿಸತ್ತೆ.

ಪ್ರಶ್ನೆ: ನಾನು ಸಾರ್ವಜನಿಕ ಕಾರ್ಖಾನೆಯಿಂದ ನಿವೃತ್ತಿ ಆದವನು. ನಮ್ಮ ಕಾಲದಲ್ಲಿ ಹೀತ್‌ಕಿಟ್ ಕ್ಯಾಟಲಾಗ್ ಕೈಗೆ ಸಿಕ್ಕಿದ್ರೆ ಹಬ್ಬ, ಕಿಟ್ ತರಿಸೋ ಯೋಗ ಮಾತ್ರ ಬರಲಿಲ್ಲ. ಈಗ ಅಂಥ ಕಿಟ್‌ಗಳು ಇವೆಯಾ? (ಹಿರಿಯ ಓದುಗರು, ಜಾಲಹಳ್ಳಿ, ಬೆಂಗಳೂರು)

ಉತ್ತರ: ಹೀತ್‌ಕಿಟ್ ಹೆಸರು ಎತ್ತಿದ್ರಲ್ಲ ಸರ್, ತುಂಬ ಖುಷಿಯಾಯ್ತು. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದವರು ರಾಶಿ ರಾಶಿ ಎಲೆಕ್ಟ್ರಾನಿಕ್ ಸಾಮಾನು ಅಗ್ಗಕ್ಕೆ ಮಾರಿದ್ರು, ಮಿಷಿಗನ್‌ನ ಬೆಂಟನ್ ಹಾರ್ಬರ್‌ನಲ್ಲಿ ಹೀತ್ ಕಂಪನಿ ನಡೆಸ್ತಿದ್ದ ಹೋವರ್ಡ್ ಆಂಥನಿ ಅದನ್ನ ಕೊಂಡು 1947ರಲ್ಲಿ 39.50 ಡಾಲರ್‌ಗೆ ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆ ಪರದೆ ಮೇಲೆ ತೋರಿಸೋ ಉಪಕರಣ) ಕಿಟ್ ಬಿಟ್ರು. ಪೂರ್ತಿ ಜೋಡಿಸಿದ ಸ್ಕೋಪ್ ಸಾಮಾನ್ಯರ ಕೈಗೆ ಎಟುಕದ ಕಾಲ ಅದು. ಅದರ ಮ್ಯಾನ್ಯುಯಲ್‌ಗಳನ್ನ ನೀವು ನೋಡಿರಬಹುದು, ಈ ತಂತಿ ಇಷ್ಟುದ್ದ ಕತ್ತರಿಸಿ, ಇಲ್ಲಿಂದ ಅಲ್ಲಿಗೆ ಬೆಸೆಯಿರಿ, ಆಯ್ತಾ, ಪಕ್ಕದ ಚೌಕದಲ್ಲಿ ಟಿಕ್ ಹಾಕಿ ಅಂತ ಒಂದೊಂದೇ ಹೆಜ್ಜೆ. ಏನೂ ಗೊತ್ತಿಲ್ಲದವರೂ ಟ್ರಾನ್ಸ್‌ಸೀವರ್ (ಕಳಿಸೋದು, ಕೇಳೋದು ಎರಡೂ ಮಾಡೋ ಸೆಟ್) ಕಟ್ತಿದ್ರು.

ಆಮೇಲೆ ಕಾರ್ಖಾನೆಯಲ್ಲಿ ಮೆಷಿನ್ನೇ ಬೋರ್ಡ್ ಮೇಲೆ ಪಾರ್ಟ್ಸ್ ಕೂರಿಸೋಕೆ ಶುರು ಮಾಡ್ತು. ರೆಡಿಮೇಡ್ ಸೆಟ್ಟೇ ಕಿಟ್‌ಗಿಂತ ಅಗ್ಗ ಆಯ್ತು, ಕಿಟ್‌ನಲ್ಲಿ ಉಳಿತಾಯ ಅನ್ನೋದೇ ಹೋಯ್ತು. 1979ರಲ್ಲಿ ಜೆನಿತ್ ಕಂಪನಿ ಕೊಂಡ್ಕೊಂಡಿತ್ತು, 1992ರಲ್ಲಿ ಕಿಟ್ ನಿಲ್ಸಿಬಿಟ್ರು.

ಈಗ ಕಿಟ್ ಇದೆಯಾ ಅಂದ್ರೆ, ನಮ್ಮ ಪಕ್ಕದ ಹೈದರಾಬಾದ್ ಕಡೆ ನೋಡಿ. ಅಶರ್ ಫರ್ಹಾನ್, ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗೋ ಗುರುತಿನ ಹೆಸರು) ವಿಯು2ಇಎಸ್‌ಇ, ಬಿಟ್‌ಎಕ್ಸ್ ಅನ್ನೋ ಸೆಟ್ ಡಿಸೈನ್ ಮಾಡಿದಾಗ ಭಾರತದ ಯಾವ ಊರಲ್ಲಾದ್ರೂ ಸಿಗೋ ಸಾಮಾನಿನಲ್ಲೇ ಆಗಬೇಕು ಅನ್ನೋ ಹಟ ಇಟ್ಕೊಂಡ್ರು. ಕಾಯಿಲ್ ಸುತ್ತೋಕೆ ವಿದೇಶದ ಟೊರಾಯ್ಡ್ (ಉಂಗುರದಂಥ ಕೋರ್) ಬೇಕಲ್ಲ, ಅದಕ್ಕೆ ಅವರು ಹಾಕಿದ್ದು ನಲ್ಲಿಗೆ ಹಾಕೋ ನೈಲಾನ್ ವಾಷರ್! ಪ್ಲಂಬಿಂಗ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗೋದು. ಟ್ರಾನ್ಸ್‌ಫಾರ್ಮರ್‌ಗೆ ಟಿವಿ ಆಂಟೆನಾದ ಬಾಲನ್ ಕೋರ್, ಅದೂ ಆಗ ಪ್ರತಿ ಟಿವಿ ರಿಪೇರಿ ಅಂಗಡಿಯಲ್ಲಿ ಇರ್ತಿತ್ತು. ಅಂಗಡಿಯಲ್ಲಿ ಏನಿದೆಯೋ ಅದನ್ನ ನೋಡಿ ಸರ್ಕ್ಯೂಟ್ ಬರೆದಿದ್ದು ಅದು, ನನಗೆ ಆ ಡಿಸೈನ್ ಬಗ್ಗೆ ಅಪಾರ ಗೌರವ. ಆ ಸರ್ಕ್ಯೂಟ್ ದೇಶ ದಾಟಿ ಹೋಯ್ತು, 2016ರಿಂದ ಅವರ ಎಚ್‌ಎಫ್ ಸಿಗ್ನಲ್ಸ್ ಕಂಪನಿಯವರು ಬಿಟ್‌ಎಕ್ಸ್40 ಬೋರ್ಡ್ ಮಾಡಿ ಹೈದರಾಬಾದ್‌ನಿಂದ ವಿದೇಶದ ಹ್ಯಾಮ್‌ಗಳಿಗೂ ಕಳಿಸಿದ್ರು, ಆಮೇಲೆ ಮೈಕ್ರೋಬಿಟ್‌ಎಕ್ಸ್ ಬಂತು. ನೀವು ಕ್ಯಾಟಲಾಗ್ ನೋಡ್ಕೊಂಡು ಅಮೆರಿಕದ ಕಡೆ ಆಸೆಪಟ್ರಿ, ಈಗ ಅಮೆರಿಕದವರು ಇಲ್ಲಿಂದ ತರಿಸಿ ಕಟ್ತಿದಾರೆ. ದಯವಿಟ್ಟು ಒಂದು ಕಟ್ಟಿ ಸರ್, ವಯಸ್ಸಾಯ್ತು ಅನ್ಬೇಡಿ. ಬಿಟ್‌ಎಕ್ಸ್ ಬೋರ್ಡ್‌ಗಳಲ್ಲಿ ಸಣ್ಣ ಪಾರ್ಟ್ಸ್ ಎಲ್ಲ ಕೂರಿಸಿನೇ ಬರತ್ತೆ, ಕಣ್ಣಿಗೆ ಅಷ್ಟು ತ್ರಾಸ ಇಲ್ಲ.

ಪ್ರಶ್ನೆ: ಇಂಗ್ಲೆಂಡಿನ ಮ್ಯಾಪ್ಲಿನ್ ಯಾಕೆ ಮುಚ್ತು? ಅಲ್ಲೂ ಇದೇ ಕಥೆನಾ? (ಓದುಗರು, ಲೆಸ್ಟರ್)

ಉತ್ತರ: ಹೆಚ್ಚು ಕಮ್ಮಿ. 1972ರಲ್ಲಿ ಎಸೆಕ್ಸ್‌ನಲ್ಲಿ ಪಾರ್ಟ್ಸ್ ಸಿಗೋದೇ ಕಷ್ಟ ಅಂತ ಹವ್ಯಾಸಿಗಳೇ ಪೋಸ್ಟಲ್ಲಿ ಶುರು ಮಾಡಿದ ವ್ಯಾಪಾರ, ಬೆಳೆದು 200ಕ್ಕೂ ಮೇಲೆ ಅಂಗಡಿ ಆಗಿ, ಆಟಿಕೆ, ಡಿಸ್ಕೋ ಲೈಟು, ಕೇಬಲ್ಲು ಅಂತ ಎಲ್ಲ ಮಾರೋಕೆ ಹೋಗಿ, 2018ರ ಫೆಬ್ರವರಿ 28ಕ್ಕೆ ಕೈ ಚೆಲ್ಲಿದ್ರು. ಕೊನೇ ಏಟು ಕೊಟ್ಟಿದ್ದು ಎರಡು. ಬ್ರೆಕ್ಸಿಟ್ ವೋಟಿನ ನಂತರ ಪೌಂಡ್ ಬಿತ್ತು, ಹೊರಗಿಂದ ತರಿಸೋ ಮಾಲು ದುಬಾರಿ ಆಯ್ತು. ಜೊತೆಗೆ ಮ್ಯಾಪ್ಲಿನ್‌ಗೆ ಉದ್ರಿ ಕೊಡೋ ಸಪ್ಲೈಯರ್‌ಗಳಿಗೆ ಇದ್ದ ವಿಮೆಯನ್ನ ವಿಮಾ ಕಂಪನಿಯವರು ವಾಪಸ್ ತಗೊಂಡ್ರು, ಆಮೇಲೆ ದುಡ್ಡು ಮೊದಲು ಇಡಿ ಮಾಲು ಆಮೇಲೆ ಅಂದ್ರು. ಉದ್ರಿ ನಿಂತ ಅಂಗಡಿ ಎಷ್ಟು ದಿನ ನಡಿಯತ್ತೆ ಅನ್ನೋದು ವ್ಯಾಪಾರ ಮಾಡಿದ ಎಲ್ಲರಿಗೂ ಗೊತ್ತು.

ಪ್ರಶ್ನೆ: ಅಪ್ಪನ ಕಾಲದಿಂದ ನಮ್ದು ರೇಡಿಯೋ ಟಿವಿ ಪಾರ್ಟ್ಸ್ ಅಂಗಡಿ. ಹಳೇ ರೇಡಿಯೋಗೆ ಹಾಕೋ ಗ್ಯಾಂಗ್ ಕಂಡೆನ್ಸರ್, ಐಎಫ್‌ಟಿ ಕಾಯಿಲ್ ಕೇಳೋರು ಈಗ ವರ್ಷಕ್ಕೆ ಒಬ್ರು ಬಂದ್ರೆ ಹೆಚ್ಚು. ಮಗ ಮೊಬೈಲ್ ಕವರ್ ಇಡೋಣ ಅಂತಾನೆ. ಏನ್ ಮಾಡೂದ್ರೀ? (ಅಂಗಡಿ ಮಾಲೀಕರು, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರ ಓದಿ ಸಂಕಟ ಆಯ್ತು. ಮೊಬೈಲ್ ಕವರ್ ಇಡಿ, ಅದರಲ್ಲಿ ತಪ್ಪಿಲ್ಲ, ಬಾಡಿಗೆ ಕಟ್ಟಬೇಕಲ್ಲ. ಆದ್ರೆ ಮುಂದಿನ ಕೌಂಟರ್ ಪೂರ್ತಿ ಅದಕ್ಕೇ ಬಿಟ್ಟುಕೊಡಬೇಡಿ.

ಟೋಕಿಯೋದ ಅಕಿಹಬಾರಾ ನೋಡಿ. ಯುದ್ಧ ಮುಗಿದ ಮೇಲೆ ಅಲ್ಲಿ ರೇಡಿಯೋ ಪಾರ್ಟ್ಸ್ ಮಾರೋ ಬೀದಿ ಅಂಗಡಿಗಳು ಸೇರ್ಕೊಂಡ್ವು, ಅವನ್ನ ರಸ್ತೆಯಿಂದ ಎಬ್ಬಿಸಿದಾಗ ರೈಲ್ವೆ ಹಳಿ ಕೆಳಗಿನ ಜಾಗಕ್ಕೆ ಹೋದ್ವು. ಜಪಾನಲ್ಲಿ ಹ್ಯಾಮ್ ಸಂಖ್ಯೆ ನಿಜವಾಗ್ಲೂ ಕುಸಿದಿದೆ, 1995ರ ಹೊತ್ತಿಗೆ 13 ಲಕ್ಷಕ್ಕೂ ಮೇಲೆ ಇದ್ದ ಸ್ಟೇಷನ್‌ಗಳು ಈಗ 4 ಲಕ್ಷಕ್ಕಿಂತ ಕಮ್ಮಿ. ಹಳಿ ಕೆಳಗಿದ್ದ ರೇಡಿಯೋ ಸ್ಟೋರ್ 2013ರ ನವೆಂಬರ್‌ನಲ್ಲಿ ಮುಚ್ಚಿತು, ಅಕ್ಕಪಕ್ಕ ಎಲ್ಲ ಆನಿಮೆ ಗೊಂಬೆ ಅಂಗಡಿಗಳು. ಅದೇ ಅಕಿಹಬಾರಾದಲ್ಲಿ ಅಕಿಜುಕಿ ಡೆನ್ಶಿ ಅನ್ನೋ ಪಾರ್ಟ್ಸ್ ಅಂಗಡಿ ಮಾತ್ರ ಗಿಜಿಗುಡತ್ತೆ. ಹಳೇ ಪಾರ್ಟ್ಸ್ ಜೊತೆ ಸೆನ್ಸರ್, ಮೈಕ್ರೋಕಂಟ್ರೋಲರ್, ತಮ್ಮದೇ ಸಣ್ಣ ಕಿಟ್ ಇಟ್ರು, ಕಾಲೇಜು ಹುಡುಗರು ಬಂದ್ರು.

ಹುಬ್ಬಳ್ಳಿ ಧಾರವಾಡದಲ್ಲಿ ಎಷ್ಟು ಇಂಜಿನಿಯರಿಂಗ್ ಕಾಲೇಜಿದೆ ನಿಮಗೇ ಗೊತ್ತು, ಪ್ರಾಜೆಕ್ಟ್ ಸೀಸನ್‌ನಲ್ಲಿ ಆ ಮಕ್ಕಳು ಒಂದು ಮಾಡ್ಯೂಲ್‌ಗೆ ಕೊರಿಯರ್ ಕಾಯ್ತಾ ಕೂತಿರ್ತಾರೆ. ಆಂಟೆನಾಕ್ಕೆ ಹಾಕೋ ಕೋಆಕ್ಸ್ ಕೇಬಲ್, ಅದರ ತುದಿಗೆ ಹಾಕೋ ಪಿಎಲ್-259, ಬಿಎನ್‌ಸಿ ಕನೆಕ್ಟರ್, ಒಳ್ಳೆ ಸೋಲ್ಡರ್, ಇಎಸ್‌ಪಿ32 ಬೋರ್ಡ್, ಇಷ್ಟು ಇಡೋಕೆ ದೊಡ್ಡ ಬಂಡವಾಳ ಬೇಡ. ಗ್ಯಾಂಗ್ ಕಂಡೆನ್ಸರ್ ಮಾತ್ರ ಗುಜರಿಗೆ ಹಾಕಬೇಡಿ, ದೇಶದಾದ್ಯಂತ ಹ್ಯಾಮ್‌ಗಳು ಆಂಟೆನಾ ಟ್ಯೂನರ್ ಕಟ್ಟೋಕೆ ಅದನ್ನೇ ಹುಡುಕ್ತಿರ್ತಾರೆ. ಒಂದು ಫೋಟೋ ತೆಗೆದು ಹ್ಯಾಮ್ ಕ್ಲಬ್‌ಗಳಿಗೆ ಕಳಿಸಿ ನೋಡಿ.

ಇದರಿಂದ ಲಾಭದ ಸುರಿಮಳೆ ಅಂತ ನಾನು ಹೇಳಲ್ಲ. ಮಿಸಿಸಿಪ್ಪಿಯ ಸ್ಟಾರ್ಕ್‌ವಿಲ್‌ನಲ್ಲಿ ಮಾರ್ಟಿನ್ ಜೂ 1972ರಲ್ಲಿ ಶುರು ಮಾಡಿದ ಎಂಎಫ್‌ಜೆ ಕಂಪನಿ ಹ್ಯಾಮ್‌ಗಳನ್ನ ಬಿಟ್ಟು ಎಲ್ಲೂ ಹೋಗಲಿಲ್ಲ, ಆದ್ರೂ ಕೋವಿಡ್ ನಂತರ ಹಳೇ ಕೆಲಸಗಾರರು ಹೋದ್ರು, ಖರ್ಚು ಏರ್ತು, 2024ರ ಮೇನಲ್ಲಿ ಅಲ್ಲಿನ ತಯಾರಿಕೆ ನಿಲ್ಲಿಸಿದ್ರು. ನಿಷ್ಠೆಯಿಂದ ಇದ್ದವರೂ ಮುಚ್ಚಿದಾರೆ. ಅದು ನನಗೂ ನೋವಿನ ವಿಷಯ.

ಪ್ರಶ್ನೆ: ಮಗಳಿಗೆ 13 ವರ್ಷ, ಹ್ಯಾಮ್ ಆಗ್ಬೇಕು ಅಂತಾಳೆ. ಆನ್‌ಲೈನಲ್ಲಿ ಚೀನಾ ವಾಕಿಟಾಕಿ ಅಗ್ಗಕ್ಕೆ ಇತ್ತು, ತಗೊಂಡ್ಬಿಡ್ಲಾ? ಹಾಸನದಲ್ಲಿ ಹ್ಯಾಮ್ ಸಾಮಾನು ಏನೂ ಸಿಗಲ್ಲ. (ಓದುಗರು, ಹಾಸನ)

ಉತ್ತರ: ಈಗಲೇ ಬೇಡ. 2012ರಲ್ಲಿ ಬಾವೊಫೆಂಗ್ ಯುವಿ-5ಆರ್ ಬಂದ ಮೇಲೆ ಹ್ಯಾಂಡ್‌ಸೆಟ್ ಬೆಲೆ ಪಾತಾಳಕ್ಕೆ ಇಳೀತು ನಿಜ, ಆದ್ರೆ ಲೈಸೆನ್ಸ್ ಇಲ್ಲದೆ ಅಂಥ ಸೆಟ್ ಇಟ್ಕೊಳ್ಳೋದು ನಮ್ಮಲ್ಲಿ ಅಪರಾಧ. ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಮ್ಮಿ ಪವರಿನ, ಸರ್ಕಾರದ ಟೈಪ್ ಅಪ್ರೂವಲ್ ಇರೋ ಸೆಟ್ ಮಾತ್ರ. ಯಾವುದಕ್ಕೆ ಲೈಸೆನ್ಸ್ ಬೇಕು ಅಂತ ಹೇಳದೆ ಆನ್‌ಲೈನಲ್ಲಿ ಮಾರೋದರ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿದೆ. ಕೌಂಟರಲ್ಲಿ ಹ್ಯಾಮ್ ಸೆಟ್ ಮಾರೋ ತಿಳಿದವರು ಮೊದಲು ಕೇಳೋದೇ ನಿಮ್ಮ ಕಾಲ್‌ಸೈನ್ ಏನು ಅಂತ, ಆನ್‌ಲೈನಲ್ಲಿ ಆ ಪ್ರಶ್ನೆ ಕೇಳೋರೇ ಇರಲಿಲ್ಲ.

ಪರೀಕ್ಷೆಗೆ 12 ವರ್ಷ ಆಗಿದ್ರೆ ಸಾಕು, ಮಗಳು ಈಗಲೇ ಅರ್ಜಿ ಹಾಕಬಹುದು, ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ರೆಸ್ಟ್ರಿಕ್ಟೆಡ್ ಗ್ರೇಡ್ ಅನ್ನೋ ಮೊದಲ ಹಂತದ ಲೈಸೆನ್ಸ್‌ಗೆ ಮೋರ್ಸ್ ಬೇಕಿಲ್ಲ.

ಅಷ್ಟರಲ್ಲಿ ಆಂಟೆನಾ ಕಟ್ಟಿ ಕೇಳೋದು ಕಲೀಲಿ, ಅದಕ್ಕೆ ಹಾಸನ ಧಾರಾಳ ಸಾಕು. 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿದ್ರೆ ಡೈಪೋಲಿನ (ಮಧ್ಯದಿಂದ ಎರಡು ಕಡೆ ತಂತಿ ಎಳೆಯೋ ಆಂಟೆನಾ) ಪೂರ್ತಿ ಉದ್ದ ಮೀಟರಲ್ಲಿ ಬರತ್ತೆ, 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದ್ರೆ ಒಂದೊಂದು ಕಡೆ 10. ಮನೆ ವೈರಿಂಗ್‌ಗೆ ಹಾಕೋ ತಾಮ್ರದ ವೈರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಮಧ್ಯ ಮತ್ತು ತುದಿಗಳಿಗೆ ಪಿವಿಸಿ ಪೈಪ್ ತುಂಡು ಹಾರ್ಡ್‌ವೇರ್ ಅಂಗಡಿಯಲ್ಲಿ, ಕಟ್ಟೋಕೆ ನೈಲಾನ್ ಹಗ್ಗ. ಆಂಟೆನಾದಿಂದ ಸೆಟ್‌ಗೆ ತರೋ ಆರ್‌ಜಿ-58 ಕೇಬಲ್ ಮತ್ತೆ ಕನೆಕ್ಟರ್ ಮಾತ್ರ ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ತಗೊಳ್ಳಿ, ಭಾನುವಾರ ಹೋಗಬೇಡಿ ಬಹಳ ಅಂಗಡಿ ರಜಾ ಇರತ್ತೆ. ಮಗಳನ್ನೂ ಕರ್ಕೊಂಡು ಹೋಗಿ, ಕೌಂಟರಲ್ಲಿ ಅವಳೇ ಕೇಳಲಿ. ಕಟ್ಟುವಾಗ ಕರೆಂಟ್ ಲೈನ್‌ನಿಂದ ದೂರ ಇರೋ ಹಾಗೆ ನೋಡ್ಕೊಳ್ಳಿ, ಮಳೆಗಾಲದಲ್ಲಿ ಗುಡುಗು ಶುರುವಾದ್ರೆ ಕೇಬಲ್ ಬಿಚ್ಚಿ ಹೊರಗಿಡಿ.